ಜಾಲಿಗಿಡದ ಕೆಳಗೆ ಕೂತವನು
(1 ಅರಸುಗಳು 19:4-14)



ಪ್ರವಾದಿಯಾದ ಎಲೀಯನು ಅರಣ್ಯದಲ್ಲಿ ಒಂದು ಜಾಲಿಗಿಡದ ಕೆಳಗೆ ಕೂತು ಮರಣವನ್ನು ಬೇಡಿಕೊಂಡನು. ದೇವರು ಅವನನ್ನು ಗದರಿಸಲಿಲ್ಲ. ದೂತನು ಎರಡಾವರ್ತಿ ಅವನನ್ನು ಎಬ್ಬಿಸಿ ಉಣಿಸಿದನು; ತರುವಾಯ ಹೋರೇಬಿನಲ್ಲಿ ದೇವರು ಎರಡಾವರ್ತಿ ಅವನ ದುಃಖವನ್ನು ಕೇಳಿಸಿಕೊಂಡನು. ಆಹಾರವೂ ಬೇಕಾಯಿತು, ಆಲಿಸುವ ಕಿವಿಯೂ ಬೇಕಾಯಿತು.

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ನಡೆದ ರಕ್ತಪರೀಕ್ಷೆಯಲ್ಲಿ ನೂರು ಮಂದಿ ವಯಸ್ಕರಲ್ಲಿ ಸುಮಾರು 3 ಮಂದಿಗೆ ಎಚ್‌ಐವಿ ರೋಗಾಣು ಇದ್ದದ್ದು ಕಂಡುಬಂತು. ಪಟ್ಟಣಗಳಿಗಿಂತಲೂ ಹಳ್ಳಿಗಳಲ್ಲಿ ಅದು ಹೆಚ್ಚಾಗಿತ್ತು. 2004ರಿಂದ ಸರಕಾರವು ಏಆರ್‌ಟಿ ಔಷಧವನ್ನು ಧರ್ಮಾರ್ಥವಾಗಿ ಕೊಡುತ್ತಾ ಬಂದಿದೆ. ಅದನ್ನು ದಿನಾಲು ತಪ್ಪದೆ ನುಂಗಿದರೆ ರೋಗಾಣು ಅಡಗುವದು; ಪರೀಕ್ಷೆಗೆ ಸಿಕ್ಕದಷ್ಟು ಅಡಗಿರುವ ತನಕ ದಾಂಪತ್ಯದಿಂದ ಮತ್ತೊಬ್ಬರಿಗೆ ಅಂಟದು. ಪದೇ ಪದೇ ಬಿಟ್ಟರೆ ಅದು ತಿರಿಗಿ ಬೆಳೆದು, ಔಷಧಕ್ಕೂ ಬಗ್ಗದೆ ಹೋಗಬಹುದು.

ಹಾಗಾದರೆ ಕೆಲವರು ಯಾಕೆ ಬಿಡುತ್ತಾರೆ? ಬನಶಂಕರಿಯ ಸುತ್ತಲಿನ ಒಂದು ಹಳ್ಳಿಯಲ್ಲಿ ಒಬ್ಬ ಸಹೋದರನು ಮಾತ್ರೆಗಳನ್ನು ನಿಲ್ಲಿಸಿದಾಗ, ನಾವು ಅವನನ್ನು ಅಪನಂಬಿಕೆಯವನೆಂದು ಗದರಿಸಿದೆವು. ಅವನು, "ಉಪದೇಶಿಗಳೇ, ಮಾತ್ರೆ ಗೂಡಿನಲ್ಲೇ ಇವೆ, ಬದುಕುವ ಮನಸ್ಸು ಎಲ್ಲಿದೆ?" ಅಂದನು. ನಾವು ನಾಚಿಕೊಂಡೆವು. ಜಾತ್ರೆಯ ಸಂದಣಿಯಲ್ಲಿಯೂ ಅವನು ಒಂಟಿಯಾಗಿದ್ದನು. ಅಂದಿನಿಂದ ಅವನ ಮಗ್ಗದ ಬಳಿಯಲ್ಲಿ ಕೂತು, ಬೋಧಿಸದೆ ಕೇಳಿದೆವು. ಬಳಿಕ ಏಆರ್‌ಟಿ ಕೇಂದ್ರದ ಆಪ್ತಸಮಾಲೋಚಕರ ಬಳಿಗೆ ಕೂಡಿಕೊಂಡು ಹೋದೆವು. ಒಂದು ಎಳೆ ಹರಿದರೆ ನೇಕಾರನು ಸೀರೆಯನ್ನು ಬಿಸಾಡದೆ ಎಳೆಯನ್ನು ಕಟ್ಟುತ್ತಾನಲ್ಲವೇ? ಆ ಸಹೋದರನು ಪುನಃ ಔಷಧವನ್ನು ಆರಂಭಿಸಿದನು.

ಮನೋವ್ಯಥೆಯೂ ಒಂದು ರೋಗವೇ, ಪಾಪವಲ್ಲ. ದಕ್ಷಿಣ ಆಫ್ರಿಕದ ಖಯಲಿತ್ಷ ಎಂಬ ಊರಿನಲ್ಲಿ, ತರಬೇತಿ ಹೊಂದಿದ ದಾದಿಯರು ಇಂಥವರೊಂದಿಗೆ ಕ್ರಮವಾಗಿ ಮಾತಾಡಿ, ಕುಗ್ಗಿಸುವ ಆಲೋಚನೆಗಳನ್ನು ಪರೀಕ್ಷಿಸುವದನ್ನೂ ಮಾತ್ರೆಯ ಅಡ್ಡಿಗಳನ್ನು ಒಂದೊಂದಾಗಿ ಬಿಡಿಸುವದನ್ನೂ ಕಲಿಸಿದರು. ವ್ಯಥೆಯು ತಗ್ಗಿತು, ಔಷಧಸೇವನೆಯೂ ಉತ್ತಮವಾಯಿತು ಎಂದು 2021ರಲ್ಲಿ ಪ್ರಕಟವಾಯಿತು.

ಆದಕಾರಣ ಪ್ರಿಯರೇ, ಪ್ರಾರ್ಥನೆ ಮಾಡಿರಿ, ಆದರೆ ಪ್ರಾರ್ಥನೆಯೇ ಸಾಕೆಂದು ಹೇಳಿ ಯಾರ ಕೈಯಿಂದಲೂ ಮಾತ್ರೆಯನ್ನು ಬಿಡಿಸಬೇಡಿರಿ. ಇನ್ನೊಬ್ಬನ ರೋಗವನ್ನು ಪ್ರಾರ್ಥನಾಕೂಟದಲ್ಲಿ ಬಯಲುಮಾಡಬೇಡಿರಿ. 2017ರ ಕಾಯಿದೆಯೂ ಅವನ ಗುಟ್ಟನ್ನು ಕಾಯುತ್ತದೆ. ಸಾಯುವ ಮಾತಾಡುವವನನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ಟೆಲಿ ಮಾನಸ್ ಎಂಬ 14416 ಸಂಖ್ಯೆಗೆ ಹಗಲಿರುಳು ಕರೆಮಾಡಬಹುದು.

ಜಾಲಿಗಿಡದ ಕೆಳಗಿದ್ದವನನ್ನು ಕರ್ತನು ಕೈಬಿಡಲಿಲ್ಲ. ನಾವೂ ಬಿಡದಿರೋಣ. ಆಮೆನ್.