ವಾಷಿಂಗ್ಟನ್ ಯಾರ ಹೆಸರು?

ಅಮೆರಿಕದ 2000ನೇ ಇಸವಿಯ ಜನಗಣತಿಯಲ್ಲಿ ವಾಷಿಂಗ್ಟನ್ ಎಂಬ ಮನೆತನದ ಹೆಸರಿನವರು 1,63,036 ಮಂದಿ ಇದ್ದರು. ಅವರಲ್ಲಿ ಶೇ. 90ರಷ್ಟು ಜನ ಕಪ್ಪು ವರ್ಣೀಯರು. ಸ್ಮಿತ್, ಜಾನ್ಸನ್, ವಿಲಿಯಮ್ಸ್‌ನಂಥ ಹೆಸರುಗಳನ್ನು ಕಪ್ಪು ಬಿಳಿ ಎರಡೂ ಕಡೆಯವರು ಹಂಚಿಕೊಂಡಿದ್ದಾರೆ. ವಾಷಿಂಗ್ಟನ್ ಮಾತ್ರ ಹೀಗೆ ಒಂದೇ ಕಡೆ ವಾಲಿದೆ. ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರು, ಅದನ್ನು ಹೊತ್ತ ಜಮೀನ್ದಾರರ ವಂಶ, ಆ ವಂಶದಲ್ಲಿ ಹುಟ್ಟಿ ಗುಲಾಮರ ಒಡೆಯನೂ ಒಂದು ದೇಶದ ಮೊದಲ ಅಧ್ಯಕ್ಷನೂ ಆದ ಜಾರ್ಜ್ ವಾಷಿಂಗ್ಟನ್: ಇವರನ್ನೆಲ್ಲ ದಾಟಿ ಆ ಹೆಸರು ಗುಲಾಮರ ಮೊಮ್ಮಕ್ಕಳ ಮನೆಯಲ್ಲಿ ನೆಲೆಸಿದ್ದು ಹೇಗೆ ಅನ್ನುವುದು ಚರಿತ್ರೆಯ ಪ್ರಶ್ನೆ. ಹಾಗೆ ಬಂದ ಹೆಸರು ಅವರದೇ ಆಗುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ನನ್ನನ್ನು ಕಾಡುವುದು ಎರಡನೆಯದು. ಆದರೆ ಮೊದಲನೆಯದನ್ನು ಹಾಯದೆ ಅಲ್ಲಿಗೆ ಹೋಗುವ ದಾರಿ ಇಲ್ಲ.

ಉತ್ತರ ಇಂಗ್ಲೆಂಡಿನಲ್ಲಿ, ಹಿಂದೆ ಡರ್ಹಮ್ ಸೀಮೆಗೆ ಸೇರಿದ್ದ, ವಾಷಿಂಗ್ಟನ್ ಎಂಬ ಊರಿದೆ. ವಾಸ ಎಂಬ ಹೆಸರಿನ ಯಾರೋ ಒಬ್ಬನ ಕಡೆಯವರ ಹಿಡುವಳಿ ಎಂದು ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ. 12ನೇ ಶತಮಾನದ ಕೊನೆಯ ಹೊತ್ತಿಗೆ ಹರ್ಟ್‌ಬರ್ನ್ ಎಂಬ ಊರಿನ ವಿಲಿಯಂ ತನ್ನ ಜಮೀನು ಬಿಟ್ಟುಕೊಟ್ಟು ಬದಲಿಗೆ ಈ ಊರನ್ನು ಪಡೆದ. ಊರಿನ ಜೊತೆಗೆ ಹೆಸರನ್ನೂ ಬದಲಿಸಿಕೊಂಡ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂದು ಬರೆದು ಅಭ್ಯಾಸವಿರುವ ನಮಗೆ ಇದು ವಿಚಿತ್ರವೇನಲ್ಲ. ವ್ಯತ್ಯಾಸವೆಂದರೆ ನಮ್ಮ ಊರಿನ ಹೆಸರು ಮುಂದೆ ನಿಂತು ಬಹಳ ಸಲ ಒಂದಕ್ಷರವಾಗಿ ಕುಗ್ಗುತ್ತದೆ, ಅವರದು ಹಿಂದೆ ನಿಂತು ವಂಶವನ್ನೇ ಆಳುತ್ತದೆ. ಗಮನಿಸಬೇಕಾದ್ದು ಇನ್ನೊಂದಿದೆ. ಈ ವಂಶದ ಮೂಲಪುರುಷನೂ ಹೆಸರನ್ನು ಪಡೆದು ಹುಟ್ಟಿದವನಲ್ಲ, ನಡುವೆ ಎತ್ತಿಕೊಂಡವನು. ಅದಕ್ಕೆ ಯಾರೂ ಅವನನ್ನು ಪ್ರಶ್ನಿಸಿದಂತಿಲ್ಲ. ಜಮೀನಿದ್ದವನಿಗೆ ಆ ಅನುಕೂಲ ಇರುತ್ತದೆ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಕುಟುಂಬದ ಒಂದು ಕವಲು ದಕ್ಷಿಣಕ್ಕೆ ಸರಿಯಿತು. ಅದರಲ್ಲಿ ಲಾರೆನ್ಸ್ ಎಂಬ ಉಣ್ಣೆ ವ್ಯಾಪಾರಿ, ಎಂಟನೇ ಹೆನ್ರಿ ಮಠಗಳ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡು ಮಾರುತ್ತಿದ್ದಾಗ, 1539ರಲ್ಲಿ ನಾರ್ತಾಂಪ್ಟನ್‌ಶೈರ್‌ನ ಸಲ್‌ಗ್ರೇವ್‌ನಲ್ಲಿ ಜಮೀನು ಕೊಂಡ. ಅವನ ಸಂತತಿಯ ಜಾನ್ 1650ರ ದಶಕದಲ್ಲಿ ವರ್ಜೀನಿಯಾಕ್ಕೆ ಬಂದು ತಂಬಾಕಿನ ಬೇಸಾಯಕ್ಕಿಳಿದ. ಜಾನ್‌ನ ಮರಿಮಗನೇ ಜಾರ್ಜ್. 1799ರಲ್ಲಿ, ಅವನು ತೀರಿಕೊಂಡ ವರ್ಷ, ಮೌಂಟ್ ವರ್ನನ್ ಎಸ್ಟೇಟಿನಲ್ಲಿ 317 ಗುಲಾಮರಿದ್ದರು. ಅವರಲ್ಲಿ ತನ್ನ ಸ್ವಂತದವರಾದ 123 ಜನರಿಗೆ ಉಯಿಲಿನಲ್ಲಿ ಬಿಡುಗಡೆ ಬರೆದ. ಹೆಂಡತಿ ಮಾರ್ಥಾಳ ಮೊದಲ ಗಂಡನ ಆಸ್ತಿಯಿಂದ ಬಂದವರನ್ನು ಬಿಡುವ ಹಕ್ಕು ಅವನಿಗಿರಲಿಲ್ಲ. ಅವರು ಮಾರ್ಥಾಳ ಮೊಮ್ಮಕ್ಕಳ ಪಾಲಿಗೆ ಹಂಚಿಹೋದರು. ಜಾರ್ಜ್‌ಗೆ ಸ್ವಂತ ಮಕ್ಕಳಿರಲಿಲ್ಲ. ಆದ್ದರಿಂದ ಇಂದಿನ ಲಕ್ಷಾಂತರ ವಾಷಿಂಗ್ಟನ್ನರು ಅವನ ರಕ್ತದವರಲ್ಲ. ಬಹುಪಾಲು ಜನ ಅವನ ಎಸ್ಟೇಟಿನಲ್ಲಿ ದುಡಿದವರ ಸಂತತಿಯೂ ಅಲ್ಲ.

ಹಾಗಾದರೆ ಹೆಸರು ಬಂದದ್ದೆಲ್ಲಿಂದ? ಒಡೆಯನ ಹೆಸರು ಗುಲಾಮನಿಗೆ ಮುದ್ರೆಯಂತೆ ಬಿತ್ತು ಅನ್ನುವುದು ಸಿದ್ಧ ಉತ್ತರ. ಅದರಲ್ಲಿ ನಿಜವಿದೆ, ಪೂರ್ತಿ ನಿಜವಿಲ್ಲ. 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರಿಗೆ ಪ್ರತ್ಯೇಕ ಪಟ್ಟಿಯಿತ್ತು. ಅದರಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇಷ್ಟೇ. ಮನುಷ್ಯರ ಹೆಸರಿಲ್ಲ. ದನಗಳ ಲೆಕ್ಕ ಬರೆಯುವವನೂ ಕೆಲವೊಮ್ಮೆ ಗೌರಿ, ಕೆಂಪಿ ಎಂದು ಬರೆದಾನು. ಎಲ್ಲ ಕಪ್ಪು ಜನರನ್ನೂ ಹೆಸರಿಟ್ಟು ಬರೆದುಕೊಂಡ ಮೊದಲ ಗಣತಿ 1870ರದು. ಆದರೆ ಕಾಗದದಲ್ಲಿ ಇಲ್ಲದ್ದು ಬದುಕಿನಲ್ಲಿಯೂ ಇರಲಿಲ್ಲ ಎಂದಲ್ಲ. ಗುಲಾಮರ ಕುಟುಂಬಗಳನ್ನು ಕುರಿತು 1976ರಲ್ಲಿ ದೊಡ್ಡ ಗ್ರಂಥ ಬರೆದ ಚರಿತ್ರಕಾರ ಹರ್ಬರ್ಟ್ ಗಟ್‌ಮನ್ ತೋರಿಸಿಕೊಟ್ಟ ಹಾಗೆ, ಬಹಳಷ್ಟು ಗುಲಾಮರು ಒಡೆಯರಿಗೆ ತಿಳಿಯದಂತೆ ಮನೆತನದ ಹೆಸರುಗಳನ್ನು ಇಟ್ಟುಕೊಂಡಿದ್ದರು. ಎಷ್ಟೋ ಸಲ ಅದು ಆಗಿನ ಒಡೆಯನ ಹೆಸರಾಗಿರಲಿಲ್ಲ. ಎರಡು ಮೂರು ಕೈ ಹಿಂದಿನ ಒಡೆಯನದಾಗಿರುತ್ತಿತ್ತು. ಕಾರಣ ಆ ಒಡೆಯನ ಮೇಲಿನ ಪ್ರೀತಿಯಲ್ಲ. ಅಪ್ಪ ಅಮ್ಮ, ಅಣ್ಣ ತಂಗಿಯರು ಕೊನೆಯ ಸಲ ಒಟ್ಟಿಗಿದ್ದದ್ದು ಅಲ್ಲಿ. ಮಾರಾಟವಾಗಿ ಚದುರಿಹೋದವರು ಮುಂದೊಂದು ದಿನ ಒಬ್ಬರನ್ನೊಬ್ಬರು ಹುಡುಕಲು ಅದೊಂದೇ ದಾರಿಯ ಗುರುತು.

ಇಷ್ಟು ತಿಳಿದ ಮೇಲೆ ಬುಕರ್ ಟಿ. ವಾಷಿಂಗ್ಟನ್ 1901ರ ತನ್ನ ಆತ್ಮಕಥೆಯಲ್ಲಿ ಹೇಳುವ ಪ್ರಸಂಗ ಬೇರೆಯಾಗಿ ಕಾಣುತ್ತದೆ. ಬಿಡುಗಡೆಯಾದ ಮೇಲೆ ಒಂಬತ್ತು ಹತ್ತು ವರ್ಷದ ಹುಡುಗ ವೆಸ್ಟ್ ವರ್ಜೀನಿಯಾದ ಒಂದು ಶಾಲೆಗೆ ಹೋಗುತ್ತಾನೆ. ಹಾಜರಿ ಕೂಗುವಾಗ ಉಳಿದ ಮಕ್ಕಳಿಗೆಲ್ಲ ಎರಡೆರಡು ಹೆಸರು, ಕೆಲವರಿಗಂತೂ ಮೂರು. ಅದು ಅವನ ಕಿವಿಗೆ ದುಂದುಗಾರಿಕೆಯಂತೆ ಕೇಳುತ್ತದೆ. ಇವನಿಗಿರುವುದು ಬುಕರ್ ಒಂದೇ. ತನ್ನ ಸರದಿ ಬಂದಾಗ, ಹುಟ್ಟಿನಿಂದ ಅದೇ ಹೆಸರಿತ್ತೆನ್ನುವಂತೆ, ಬುಕರ್ ವಾಷಿಂಗ್ಟನ್ ಎಂದುಬಿಡುತ್ತಾನೆ. ಅವನ ಮಲತಂದೆಯ ಹೆಸರು ವಾಷಿಂಗ್ಟನ್ ಫರ್ಗ್ಯೂಸನ್ ಎಂಬುದನ್ನು ನೆನೆದರೆ, ಹುಡುಗ ಅಧ್ಯಕ್ಷನ ಹೆಸರನ್ನು ತೆಗೆದುಕೊಂಡನೋ ಮನೆಯಲ್ಲಿದ್ದ ಹೆಸರನ್ನೇ ಎತ್ತಿಕೊಂಡನೋ ಎಂಬ ಪ್ರಶ್ನೆ ಏಳುತ್ತದೆ. ಅದೇ ಪುಸ್ತಕದಲ್ಲಿ ಇನ್ನೊಂದು ವಿವರವಿದೆ, ನನಗೆ ಬಹಳ ಇಷ್ಟವಾದದ್ದು. ಸ್ವತಂತ್ರರಾದವರು ಎರಡು ವಿಷಯಕ್ಕೆ ಒಮ್ಮತದಿಂದಿದ್ದರಂತೆ: ಹೆಸರು ಬದಲಿಸಬೇಕು, ಕೆಲವು ದಿನಕ್ಕಾದರೂ ಆ ಎಸ್ಟೇಟು ಬಿಟ್ಟು ಹೋಗಬೇಕು. ಹಾಗೆ ಹೊಸ ಹೆಸರು ಇಟ್ಟುಕೊಂಡವರಲ್ಲಿ ಜಾನ್ ಎಸ್. ಲಿಂಕನ್ ಎಂದು ಬರೆದುಕೊಳ್ಳುವವನ ನಡುವಿನ ಎಸ್ ಯಾವ ಹೆಸರಿನ ಇನಿಷಿಯಲ್ಲೂ ಅಲ್ಲ. ಸುಮ್ಮನೆ ಒಂದು ಎಸ್. ಬಿಳಿಯರಿಗಿದೆ, ತನಗೂ ಇರಲಿ ಎಂದು. ಇದನ್ನು ಓದಿ ನಗು ಬರುತ್ತದೆ, ಒಂದು ಕ್ಷಣ ಬಿಟ್ಟು ನಗು ನಿಲ್ಲುತ್ತದೆ.

ಹ್ಯಾರಿ ವಾಷಿಂಗ್ಟನ್‌ನ ಕಥೆ ಇದಕ್ಕಿಂತ ಹಳೆಯದು. ಪಶ್ಚಿಮ ಆಫ್ರಿಕಾದಲ್ಲಿ ಹುಟ್ಟಿ ಜಾರ್ಜ್ ವಾಷಿಂಗ್ಟನ್‌ನ ಗುಲಾಮನಾದ ಇವನು, ಒಡೆಯ ಸ್ವಾತಂತ್ರ್ಯಕ್ಕಾಗಿ ಯುದ್ಧ ಮಾಡುತ್ತಿದ್ದಾಗ, ಅದೇ ಸ್ವಾತಂತ್ರ್ಯವನ್ನು ಹುಡುಕಿ ಎದುರು ಪಕ್ಷವಾದ ಬ್ರಿಟಿಷರ ಕಡೆಗೆ ಓಡಿಹೋದ. 1783ರಲ್ಲಿ ನ್ಯೂಯಾರ್ಕಿನಿಂದ ನೋವಾ ಸ್ಕೋಷಿಯಾಕ್ಕೆ ಹೊರಟ ಹಡಗಿನ ದಾಖಲೆಯಲ್ಲಿ ಇವನ ಹೆಸರಿದೆ. 1792ರಲ್ಲಿ ಅಲ್ಲಿಂದ ಸಿಯೆರಾ ಲಿಯೋನ್‌ಗೆ ಹೋದ. 1800ರಲ್ಲಿ ಅಲ್ಲಿನ ಕಂಪನಿ ಭೂಕಂದಾಯ ಹೇರಿದ್ದಕ್ಕೆ ಎದುರುಬಿದ್ದವರ ಜೊತೆ ಸೇರಿ ಗಡಿಪಾರಾದ. ಇಷ್ಟೆಲ್ಲ ಮಾಡುವಾಗಲೂ ಅವನು ವಾಷಿಂಗ್ಟನ್ನೇ. ಯಾರನ್ನು ಬಿಟ್ಟು ಓಡಿದನೋ ಅವನ ಹೆಸರಿನಲ್ಲೇ ತೆರಿಗೆಯ ವಿರುದ್ಧ ಬಂಡೆದ್ದ. ವರ್ಜೀನಿಯಾದ ಆ ಇನ್ನೊಬ್ಬ ವಾಷಿಂಗ್ಟನ್‌ನ ಜಗಳವೂ ತೆರಿಗೆಯಿಂದಲೇ ಶುರುವಾದದ್ದು.

ಈಗ ನೀತಿಯ ಪ್ರಶ್ನೆಗೆ ಬರುತ್ತೇನೆ. ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ ಡಾರ್ಟ್‌ಮತ್ ಊರಿನ ಉದಾಹರಣೆ ಕೊಡುತ್ತಾನೆ. ಡಾರ್ಟ್ ನದಿ ಕಡಲು ಸೇರುವಲ್ಲಿ ಇರುವುದರಿಂದ ಊರಿಗೆ ಆ ಹೆಸರು. ನಾಳೆ ನದಿ ಪಾತ್ರ ಬದಲಿಸಿ ದೂರ ಸರಿದರೂ ಊರಿನ ಹೆಸರು ಸುಳ್ಳಾಗುವುದಿಲ್ಲ. ಹೆಸರು ಗುರುತಿಸುತ್ತದೆ, ವರ್ಣಿಸುವುದಿಲ್ಲ. ಈ ವಾದವನ್ನು ಹಿಡಿದರೆ ವಾಷಿಂಗ್ಟನ್ ಯಾರದ್ದು ಎಂಬ ಪ್ರಶ್ನೆಯೇ ಏಳಬಾರದು. ಒಡೆಯ ಎಂಬ ನದಿ ಸರಿದು ಹೋಯಿತು, ಹೆಸರು ಉಳಿಯಿತು, ಅಷ್ಟೇ. ತರ್ಕಕ್ಕೆ ಇದು ಸಾಕು. ಆದರೆ ಹೆಸರು ಹೊತ್ತವನಿಗೆ ನದಿ ಅಷ್ಟು ಸುಲಭವಾಗಿ ಸರಿಯುವುದಿಲ್ಲ. ಮಾಲ್ಕಂ ಲಿಟಲ್ ತನ್ನ ಹೆಸರಿನಿಂದ ಲಿಟಲ್ ಅನ್ನು ತೆಗೆದು ಎಕ್ಸ್ ಹಾಕಿಕೊಂಡಾಗ, ಅದು ತನಗೆ ಎಂದೂ ತಿಳಿಯಲಾರದ ಆಫ್ರಿಕನ್ ಹೆಸರಿನ ಜಾಗ ಎಂದ. ಬುಕರ್ ಆರಿಸಿಕೊಂಡನಲ್ಲ ಎಂದು ನಾವು ಮೆಚ್ಚಬಹುದು. ಆದರೆ ಅವನೆದುರು ಇದ್ದದ್ದು ಇಂಗ್ಲಿಷ್ ಹೆಸರುಗಳ ಅಂಗಡಿಯೊಂದೇ, ಉಳಿದ ಅಂಗಡಿಗಳನ್ನು ಸುಟ್ಟು ಹಾಕಲಾಗಿತ್ತು ಎಂಬುದನ್ನು ಎಕ್ಸ್ ಮರೆಯಗೊಡುವುದಿಲ್ಲ.

ಹಾಗೆಂದು ಎಲ್ಲರೂ ಎಕ್ಸ್ ಹಾಕಿಕೊಳ್ಳಬೇಕಿತ್ತು, ವಾಷಿಂಗ್ಟನ್ ಎಂದು ಉಳಿದವರು ಗುಲಾಮಗಿರಿಯನ್ನು ಒಪ್ಪಿದವರು ಎನ್ನುವುದನ್ನು ನಾನು ಒಪ್ಪಲಾರೆ. ಹಾಗೆನ್ನುವವರು ಹೆಸರಿನ ತುದಿಯಲ್ಲಿ ಒಡೆಯನನ್ನೇ ಶಾಶ್ವತವಾಗಿ ಕೂರಿಸುತ್ತಾರೆ. 1870ರಲ್ಲಿ ಗಣತಿಯವನೆದುರು ಮೊದಲ ಸಲ ತನ್ನ ಪೂರ್ತಿ ಹೆಸರು ಹೇಳಿದ ಅಜ್ಜ, ಆ ಹೆಸರಿನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಿದ ಅಜ್ಜಿ, ಇವರೆಲ್ಲ ಆ ಲೆಕ್ಕದಲ್ಲಿ ಬರೀ ಸೇತುವೆಗಳಾಗುತ್ತಾರೆ. ಮೊಮ್ಮಗಳಿಗೆ ವಾಷಿಂಗ್ಟನ್ ಎಂದರೆ ಅಜ್ಜನ ಹೆಸರು. ಅದಕ್ಕೂ ಹಿಂದೆ ಹೋಗಬೇಕೋ ಬೇಡವೋ ಅವಳು ನೋಡಿಕೊಳ್ಳಲಿ.

ಮೂಲವೊಂದೇ ಪ್ರಮಾಣವಲ್ಲ ಅನ್ನುವುದಕ್ಕೆ ಮುಹಮ್ಮದ್ ಅಲಿಯ ಹಳೆಯ ಹೆಸರೇ ಸಾಕ್ಷಿ. ಕ್ಯಾಸಿಯಸ್ ಮಾರ್ಸೆಲಸ್ ಕ್ಲೇ ಎಂಬುದು ಮೂಲತಃ ಕೆಂಟಕಿಯ ಒಬ್ಬ ಬಿಳಿಯನ ಹೆಸರು. ಅವನು ಗುಲಾಮರ ಒಡೆಯನ ಮಗನಾಗಿಯೂ ಗುಲಾಮಗಿರಿಯ ವಿರುದ್ಧ ಹೋರಾಡಿದವನು. ಮೂಲ ನೋಡಿದರೆ ಅಲಿ ಅದನ್ನು ಹೆಮ್ಮೆಯಿಂದ ಇಟ್ಟುಕೊಳ್ಳಬೇಕಿತ್ತು. 1964ರಲ್ಲಿ ಅವನು ಅದನ್ನು ಗುಲಾಮನ ಹೆಸರು ಎಂದು ಬಿಸುಟ. ವಿಮೋಚಕನ ಹೆಸರೂ ಒಬ್ಬನಿಗೆ ಸಂಕೋಲೆಯಾಗಬಹುದು, ಒಡೆಯನ ಹೆಸರೂ ಇನ್ನೊಬ್ಬನಿಗೆ ಮನೆಯಾಗಬಹುದು. ಇಬ್ಬರಲ್ಲಿ ಯಾರೂ ತಪ್ಪುತ್ತಿಲ್ಲ. ತಪ್ಪಿದ್ದು ಆಮೇಲೂ ವರ್ಷಗಟ್ಟಲೆ ಅವನನ್ನು ಕ್ಲೇ ಎಂದೇ ಅಚ್ಚು ಹಾಕಿದ ಪತ್ರಿಕೆಗಳು. 1967ರಲ್ಲಿ ಎರ್ನಿ ಟೆರೆಲ್ ಕೂಡ ಹಾಗೇ ಕರೆದ. ಅಲಿ ಹದಿನೈದು ಸುತ್ತು ಅವನನ್ನು ಹೊಡೆಯುತ್ತ, ನನ್ನ ಹೆಸರೇನು ಹೇಳು ಎಂದು ಕೇಳುತ್ತಲೇ ಇದ್ದ. ಆ ಪಂದ್ಯದ ಕ್ರೌರ್ಯ ನನಗೆ ಹಿಡಿಸುವುದಿಲ್ಲ, ಪ್ರಶ್ನೆ ಮಾತ್ರ ಸರಿಯಾಗಿದೆ.

ಜೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ'ಯನ್ನು, ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದರು. ಆ ಎಳೆ ಹಿಡಿದು ನೋಡಿದರೆ ಈ ಪ್ರಶ್ನೆ ನಮಗೆ ಹೊರಗಿನದಲ್ಲ. ನಮ್ಮಲ್ಲಿ ಹೆಸರಿನ ಬಾಲ ಜಾತಿಯನ್ನು ಹೇಳುತ್ತದೆ. ಬಾಲ ಇಲ್ಲದಿದ್ದರೆ ಅಪ್ಪನ ಹೆಸರೇನು, ಊರಲ್ಲಿ ಯಾವ ಕೇರಿ ಎಂದು ಮೆಲ್ಲಗೆ ಕೆದಕುತ್ತಾರೆ. ಒಬ್ಬ ಜಾತಿಸೂಚಕವನ್ನು ಬಿಟ್ಟು ಊರಿನ ಹೆಸರು ಇಟ್ಟುಕೊಂಡರೆ ಅವನು ಮುಚ್ಚಿಡುತ್ತಿದ್ದಾನೆ ಎನ್ನುತ್ತಾರೆ. ಇನ್ನೊಬ್ಬ ತನ್ನವರನ್ನು ಹೀಯಾಳಿಸಲು ಬಳಸಿದ ಹೆಸರನ್ನೇ ಎದೆಯುಬ್ಬಿಸಿ ಬರೆದುಕೊಂಡರೆ ಜಾತಿ ಮೆರೆಸುತ್ತಿದ್ದಾನೆ ಎನ್ನುತ್ತಾರೆ. ವಿದೇಶಿ ಜರ್ನಲ್‌ಗೆ ಲೇಖನ ಕಳಿಸುವ ನಮ್ಮಂಥ ಸಂಶೋಧಕರು ಸರ್‌ನೇಮ್ ಕಾಲಂ ಖಾಲಿ ಬಿಡುವಂತಿಲ್ಲವಾದ್ದರಿಂದ, ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ತುಂಬಿ ಒಂದೇ ಸಂಜೆಯಲ್ಲಿ ಹೊಸ ವಂಶಕ್ಕೆ ಮೂಲಪುರುಷರಾಗುತ್ತೇವೆ. ನನ್ನ ಗೆಳತಿಯೊಬ್ಬಳು ಅಲ್ಲಿ ಅಮ್ಮನ ಹೆಸರು ಬರೆದಳು. ಕಂಪ್ಯೂಟರ್ ತಕರಾರಿಲ್ಲದೆ ಒಪ್ಪಿಕೊಂಡಿತು. ಅದು ನಿಮ್ಮ ನಿಜವಾದ ಸರ್‌ನೇಮೇ ಎಂದು ಕೇಳಿದ್ದು ವಿಭಾಗದ ಕಚೇರಿ.