ಪರಮಪದದ ಮಾತು: ನುಡಿಯುವುದೆಷ್ಟು, ಉಳಿಸುವುದೆಷ್ಟು?

ಧರ್ಮವೊಂದು ತನ್ನವರಿಗೆ ಹೇಳುವ ಮಾತು ಒಂದು, ಹೊರಗಿನವರಿಗೆ ಹೇಳುವ ಮಾತು ಮತ್ತೊಂದು ಆಗಬಹುದೇ? ಆಗುವುದಾದರೆ ಅದನ್ನು ವಿವೇಕವೆನ್ನಬೇಕೋ, ಅಸತ್ಯವೆನ್ನಬೇಕೋ? ಆಹಾರ, ಉಡುಪು, ಹಬ್ಬಹರಿದಿನಗಳ ವಿಷಯದಲ್ಲಿ ಈ ಪ್ರಶ್ನೆ ಅಷ್ಟಾಗಿ ಬಾಧಿಸುವುದಿಲ್ಲ. ಮನುಷ್ಯನ ಪರಮಗತಿ ಯಾವುದು ಎಂಬಲ್ಲಿಗೆ ಬಂದಾಗ ಮಾತ್ರ, ನುಡಿದರೆ ಅಪಹಾಸ್ಯ, ನುಡಿಯದಿದ್ದರೆ ಆತ್ಮವಂಚನೆ ಎಂಬ ಇಕ್ಕಟ್ಟು ಒದಗುತ್ತದೆ. ಈ ಇಕ್ಕಟ್ಟನ್ನು ಲೋಕದ ಕಣ್ಣೆದುರಿಗೇ ಅನುಭವಿಸಿದ ಸಮುದಾಯವೊಂದು ಅಮೆರಿಕದಲ್ಲಿದೆ. ಅದರ ವೃತ್ತಾಂತ ಜೈನ ಶ್ರಾವಕರಿಗೆ ಮನನಯೋಗ್ಯವಾದುದು. ಏಕೆಂದರೆ ಅಲ್ಲಿಯೂ ಎದ್ದಿರುವುದು ‘ಜೀವನು ದೇವನಾಗಬಲ್ಲನೇ’ ಎಂಬ ಪ್ರಶ್ನೆಯೇ.

ಲೋಕವು ಮಾರ್ಮನ್ ಎಂದು ಕರೆಯುವ ಈ ಸಮುದಾಯದ ಪೂರ್ಣ ಹೆಸರು ‘ಯೇಸು ಕ್ರಿಸ್ತನ ಅಂತ್ಯದಿನಗಳ ಸಂತರ ಚರ್ಚು’. ಆ ಪೂರ್ಣ ಹೆಸರನ್ನೇ ಬಳಸಬೇಕೆಂದು ಅದರ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡರು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಚರ್ಚಿಗೆ ಇಂದು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ ಕೇಂದ್ರ. ಅದರ ಸ್ವಂತ ಲೆಕ್ಕದಂತೆ ಸದಸ್ಯರ ಸಂಖ್ಯೆ 1.7 ಕೋಟಿಯನ್ನು ಮೀರಿದೆ. ಇಲ್ಲಿ ಅಧ್ಯಕ್ಷರನ್ನು ಪ್ರವಾದಿಯೆಂದು ಗೌರವಿಸುವುದರಿಂದ ಅವರಾಡುವ ಒಂದೊಂದು ಮಾತಿಗೂ ತೂಕವಿದೆ.

1844ರ ಏಪ್ರಿಲ್ 7ರಂದು ಇಲಿನಾಯ್ ರಾಜ್ಯದ ನಾವೂ ಪಟ್ಟಣದಲ್ಲಿ ನಡೆದ ಮಹಾಸಭೆಯಲ್ಲಿ ಜೋಸೆಫ್ ಸ್ಮಿತ್ ಒಂದು ಪ್ರವಚನ ಮಾಡಿದರು. ಬಾವಿಯ ಕೆಲಸದಲ್ಲಿ ಅಪಘಾತಕ್ಕೊಳಗಾಗಿ ತೀರಿಕೊಂಡಿದ್ದ ಕಿಂಗ್ ಫಾಲೆಟ್ ಎಂಬ ಸದಸ್ಯರ ಸ್ಮರಣೆ ಅದರ ನಿಮಿತ್ತ. ದೇವರೂ ಒಂದು ಕಾಲಕ್ಕೆ ನಮ್ಮಂತೆಯೇ ಇದ್ದವನು. ಮನುಷ್ಯನೂ ಏಣಿಯ ಒಂದೊಂದೇ ಮೆಟ್ಟಿಲನ್ನೇರುತ್ತ ದೇವತ್ವವನ್ನು ಕಲಿಯಬೇಕಾದವನು ಎಂಬುದು ಆ ಪ್ರವಚನದ ಸಾರ. ಅದಾದ ಮೂರು ತಿಂಗಳೊಳಗೇ, ಜೂನ್ 27ರಂದು, ಕಾರ್ಥೇಜ್ ಊರಿನ ಸೆರೆಮನೆಯಲ್ಲಿ ಉದ್ರಿಕ್ತ ಗುಂಪೊಂದು ಅವರನ್ನು ಕೊಂದಿತು. ಪ್ರವಚನದ ಪೂರ್ಣ ಪಾಠ ಉಳಿದಿಲ್ಲ. ನಾಲ್ವರು ಶಿಷ್ಯರು ಬರೆದುಕೊಂಡ ಟಿಪ್ಪಣಿಗಳಷ್ಟೇ ಉಳಿದಿವೆ. ಚರ್ಚು ಅದನ್ನು ತನ್ನ ಪವಿತ್ರ ಗ್ರಂಥಗಳಲ್ಲಿ ಸೇರಿಸಲಿಲ್ಲ; ಆದರೂ ಅದನ್ನು ಮರೆಯಲಿಲ್ಲ. ಮುಂದೆ ಐದನೆಯ ಅಧ್ಯಕ್ಷರಾದ ಲೊರೆಂಜೋ ಸ್ನೋ ಇದೇ ಭಾವವನ್ನು ಎರಡು ಸಾಲಿನ ದ್ವಿಪದಿಯಲ್ಲಿ ಹೇಳಿದ್ದರು. ಅದರ ಒಂದು ಅರ್ಧ ದೇವರ ಭೂತಕಾಲವನ್ನು ಕುರಿತದ್ದು, ಇನ್ನೊಂದು ಅರ್ಧ ಮನುಷ್ಯನ ಭವಿಷ್ಯತ್ತನ್ನು ಕುರಿತದ್ದು. ಈ ಭೇದವನ್ನು ನೆನಪಿನಲ್ಲಿಡುವುದು ಅವಶ್ಯ.

ಮನುಷ್ಯನು ದೈವೀಭಾವವನ್ನು ಹೊಂದುವನೆಂಬ ನುಡಿ ಕ್ರೈಸ್ತರಲ್ಲಿ ಪೂರ್ತಿ ಹೊಸದೇನಲ್ಲ. ಎರಡನೆಯ ಶತಮಾನದ ಐರೀನಿಯಸ್, ನಾಲ್ಕನೆಯ ಶತಮಾನದ ಅಥನಾಸಿಯಸ್ ಮೊದಲಾದ ಆಚಾರ್ಯರು ಅಂತಹ ಮಾತನ್ನಾಡಿದ್ದಾರೆ. ಪೂರ್ವದೇಶದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಅದು ಇಂದಿಗೂ ಜೀವಂತ. ಆದರೆ ಅವರ ಮತದಲ್ಲಿ ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವಣ ಅಂತರ ಅಳಿಯುವಂತಹುದಲ್ಲ. ಸ್ಮಿತ್ ಅವರು ಆ ಅಂತರದ ಮೇಲೆಯೇ ಕೈಯಿಟ್ಟದ್ದರಿಂದ ಉಳಿದ ಕ್ರೈಸ್ತರು ಕೆರಳಿದರು. 1982ರಲ್ಲಿ ಈ ತತ್ತ್ವವನ್ನು ಖಂಡಿಸಿ ‘ದ ಗಾಡ್ ಮೇಕರ್ಸ್’ ಎಂಬ ಚಲನಚಿತ್ರ ಹೊರಬಂದಿತು. ಸತ್ತ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಗ್ರಹ ದೊರೆಯುತ್ತದೆಯಂತೆ ಎಂಬ ಪರಿಹಾಸ ಹರಡಿತು. 2011ರಲ್ಲಿ ನ್ಯೂಯಾರ್ಕಿನ ರಂಗಭೂಮಿಗೆ ಬಂದ ‘ದ ಬುಕ್ ಆಫ್ ಮಾರ್ಮನ್’ ಎಂಬ ಸಂಗೀತ ಪ್ರಹಸನದಲ್ಲಿಯೂ ಅದು ಸ್ಥಾನ ಪಡೆಯಿತು.

ಇಂತಹ ವಾತಾವರಣದಲ್ಲಿ ಗಾರ್ಡನ್ ಹಿಂಕ್ಲಿಯವರ ಪ್ರಸಂಗವನ್ನು ನೋಡಬೇಕು. 1994ರ ಅಕ್ಟೋಬರ್ ಮಹಾಸಭೆಯಲ್ಲಿ ಅವರು ಸ್ವಜನರೆದುರು ಮಾತನಾಡುತ್ತ, ಧರ್ಮದ ಸಮಸ್ತ ವಿನ್ಯಾಸವೂ ಮನುಷ್ಯನನ್ನು ಕೊನೆಗೆ ದೇವತ್ವದತ್ತ ಒಯ್ಯುವುದಕ್ಕಾಗಿಯೇ ಇದೆ ಎಂದು ಸ್ಪಷ್ಟವಾಗಿ ಸಾರಿದ್ದರು. 1995ರಲ್ಲಿ ಅವರೇ ಅಧ್ಯಕ್ಷರಾದರು. 1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಯವರು, ದೇವರು ಒಮ್ಮೆ ಮನುಷ್ಯನಾಗಿದ್ದನೆಂದು ನೀವು ನಂಬುವುದಿಲ್ಲವೇ ಎಂದು ಕೇಳಿದಾಗ, ಹಾಗೆ ಹೇಳಲಾರೆ, ಅದೊಂದು ದ್ವಿಪದಿಯಷ್ಟೇ, ಅದರ ಆಳ ನಮಗೆ ಹೆಚ್ಚು ತಿಳಿಯದು ಎಂಬರ್ಥದ ಉತ್ತರವಿತ್ತರು. ಅದೇ ವರ್ಷದ ಆಗಸ್ಟ್‌ನಲ್ಲಿ ಟೈಮ್ ಪತ್ರಿಕೆ ಪ್ರಕಟಿಸಿದ ಸಂದರ್ಶನದಲ್ಲಿ, ನಾವು ಅದನ್ನು ಬೋಧಿಸುತ್ತೇವೆಂದು ತೋರುವುದಿಲ್ಲ, ಅದಕ್ಕೆ ಒತ್ತು ಕೊಡುತ್ತೇವೆಂದೂ ತೋರುವುದಿಲ್ಲ ಎಂದರು. ಅನುಯಾಯಿಗಳಲ್ಲಿ ಹಲವರು ತಳಮಳಗೊಂಡರು. ಅಕ್ಟೋಬರ್ ಮಹಾಸಭೆಯಲ್ಲಿ ಅವರು, ವರದಿಗಳು ಅಪೂರ್ಣವಾಗಿದ್ದವೆಂದೂ, ಸಿದ್ಧಾಂತವು ತಮಗೆ ಚೆನ್ನಾಗಿಯೇ ತಿಳಿದಿದೆಯೆಂದೂ, ಯಾರೂ ಚಿಂತಿಸಬೇಕಾಗಿಲ್ಲವೆಂದೂ ಸಮಾಧಾನ ಹೇಳಿದರು.

ಈ ನಡೆಯನ್ನು ಹೇಗೆ ಅಳೆಯಬೇಕು? ಏಕಾಂತದೃಷ್ಟಿಯಿಂದ ನೋಡುವವರು ಒಂದೋ ವಂಚನೆಯೆನ್ನುತ್ತಾರೆ, ಇಲ್ಲವೇ ಜಾಣ್ಮೆಯೆನ್ನುತ್ತಾರೆ. ನ್ಯಾಯವಾಗಿ ಹೇಳುವುದಾದರೆ, 1994ರಲ್ಲಿ ಅವರು ಒತ್ತಿ ಹೇಳಿದ್ದು ದ್ವಿಪದಿಯ ಒಂದು ಅರ್ಧವನ್ನು. 1997ರಲ್ಲಿ ಪತ್ರಕರ್ತರು ಕೇಳಿದ್ದು ಇನ್ನೊಂದು ಅರ್ಧವನ್ನು. ಮನುಷ್ಯನ ಭವಿಷ್ಯತ್ತಿನ ವಿಷಯದಲ್ಲಿ ಶ್ರದ್ಧೆಯಿದ್ದು, ದೇವರ ಭೂತಕಾಲದ ವಿಷಯದಲ್ಲಿ ‘ಹೆಚ್ಚು ತಿಳಿಯದು’ ಎನ್ನುವುದು ಸುಳ್ಳಾಗಬೇಕಾಗಿಲ್ಲ. ಆದರೆ ‘ಹೆಚ್ಚು ತಿಳಿಯದು’ ಎಂಬ ಮಾತು ಬೇರೆ, ‘ನಾವು ಬೋಧಿಸುತ್ತೇವೆಂದು ತೋರುವುದಿಲ್ಲ’ ಎಂಬ ಮಾತು ಬೇರೆ. ಸ್ಥಾಪಕರ ಆ ಪ್ರವಚನದ ಭಾಗಗಳು ಚರ್ಚಿನ ಪಾಠಪುಸ್ತಕಗಳಲ್ಲಿಯೇ ಅಚ್ಚಾಗುತ್ತ ಬಂದಿದ್ದವು. ಆದ್ದರಿಂದ ಮೊದಲ ಮಾತು ವಿನಯ; ಎರಡನೆಯದು ವಿನಯದ ಉಡುಪು ತೊಟ್ಟ ಸಂಕೋಚ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಸತ್ಯವ್ರತಕ್ಕೆ ಐದು ಭಾವನೆಗಳನ್ನು ಹೇಳಿದ್ದಾರೆ: ಕ್ರೋಧ, ಲೋಭ, ಭಯ, ಹಾಸ್ಯ ಇವುಗಳ ತ್ಯಾಗ ಮತ್ತು ವಿಚಾರಿಸಿ ನುಡಿಯುವ ಅನುವೀಚಿಭಾಷಣ. ಅಸತ್ಯವು ಕೆಡುಕಿನಿಂದ ಮಾತ್ರ ಹುಟ್ಟುವುದೆಂದು ಆಚಾರ್ಯರು ಹೇಳಲಿಲ್ಲ. ಅಂಜಿಕೆಯಿಂದಲೂ ಹುಟ್ಟುವುದೆಂದು ಎಚ್ಚರಿಸಿದರು. ನಗುವರೆಂಬ ಅಂಜಿಕೆ, ಹೊರಗಿಡುವರೆಂಬ ಅಂಜಿಕೆ, ನೆರೆಹೊರೆಯವರಂತೆ ಕಾಣಿಸಿಕೊಳ್ಳಬೇಕೆಂಬ ಲೋಭ, ಇವು ಸಜ್ಜನರ ನಾಲಗೆಯನ್ನೂ ಬಾಗಿಸಬಲ್ಲವು. ಇಲ್ಲಿ ‘ಅವಕ್ತವ್ಯ’ವನ್ನು ಆಶ್ರಯಿಸುವಂತಿಲ್ಲ. ಸ್ಯಾದ್ವಾದದ ಅವಕ್ತವ್ಯವು ವಸ್ತುವಿನ ಅನಂತಧರ್ಮಗಳೆದುರು ಒಂದೇ ಶಬ್ದ ಸಾಲದೆಂಬ ಅರಿವು. ಕೇಳುವವನ ಮುಖ ನೋಡಿ ಮಾತು ನುಂಗುವುದಕ್ಕೆ ಆ ಹೆಸರು ಸಲ್ಲದು.

ಅಂತ್ಯದಿನಗಳ ಸಂತರ ಚರ್ಚು ಈ ಇಕ್ಕಟ್ಟಿನಲ್ಲಿಯೇ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. 2014ರ ಫೆಬ್ರವರಿಯಲ್ಲಿ ಅದು ‘ದೇವರಂತಾಗುವುದು’ ಎಂಬರ್ಥದ ಶೀರ್ಷಿಕೆಯುಳ್ಳ ಅಧಿಕೃತ ಪ್ರಬಂಧವನ್ನು ಬಹಿರಂಗವಾಗಿ ಪ್ರಕಟಿಸಿತು. 1844ರ ಪ್ರವಚನವನ್ನು ಅದು ಮರೆಮಾಚಲಿಲ್ಲ. ದ್ವಿಪದಿಯ ಮೊದಲರ್ಧದ ವಿಷಯದಲ್ಲಿ ಪ್ರಕಟವಾಗಿರುವುದೂ ಬೋಧಿಸುವುದೂ ಅಲ್ಪವೆಂದು ಒಪ್ಪಿತು. ಗ್ರಹಗಳನ್ನು ಹಂಚಿಕೊಡುವ ಚಿತ್ರ ವ್ಯಂಗ್ಯಚಿತ್ರವೇ ಹೊರತು ಸಿದ್ಧಾಂತವಲ್ಲವೆಂದಿತು. ದೇವರ ಪ್ರೇಮ, ಪಾವಿತ್ರ್ಯಗಳಲ್ಲಿ ಬೆಳೆಯುವುದೇ ತಿರುಳೆಂದು ವಿವರಿಸಿತು. ಹದಿನೇಳು ವರ್ಷಗಳ ಹಿಂದೆ ತೊದಲಿದ ಮಾತು ಈಗ ನೆಟ್ಟಗೆ ನಿಂತಿತು. ಗಮನಾರ್ಹವೆಂದರೆ, ತಿಳಿದಿರುವುದನ್ನು ತಿಳಿದಿದೆಯೆಂದು, ತಿಳಿಯದಿರುವುದನ್ನು ತಿಳಿಯದೆಂದು ಬೇರ್ಪಡಿಸಿ ಹೇಳಿದಾಗಲೇ ಆ ನಿಲುವಿಗೆ ಬಲ ಬಂದಿತು.

ಜೈನ ದರ್ಶನಕ್ಕೂ ಈ ಮತಕ್ಕೂ ಸಾಮ್ಯ ಕಂಡಷ್ಟೇ ವೈಷಮ್ಯವೂ ಇದೆ. ಅವರ ದೇವರು ದೇಹವುಳ್ಳ ತಂದೆ. ಸಿದ್ಧ ಪರಮೇಷ್ಠಿಯು ಅಶರೀರಿ. ಅವರಲ್ಲಿ ಪರಮಗತಿಯು ದೇವಾಲಯದಲ್ಲಿ ಕೂಡಿಸಿದ ದಾಂಪತ್ಯದೊಡನೆ, ಕುಟುಂಬದೊಡನೆ ಸಿದ್ಧಿಸುವಂತಹುದು, ಕ್ರಿಸ್ತನ ಕೃಪೆಯಿಂದ ದೊರೆಯುವಂತಹುದು. ಜೈನರಲ್ಲಿ ಅದು ಆತ್ಮನೊಬ್ಬನೇ ರತ್ನತ್ರಯದ ಬಲದಿಂದ ಕರ್ಮಕ್ಷಯ ಮಾಡಿ ಪಡೆಯುವಂತಹುದು. ಕುಂದಕುಂದಾಚಾರ್ಯರೂ ಪೂಜ್ಯಪಾದರೂ ಬೋಧಿಸಿದ ಬಹಿರಾತ್ಮ, ಅಂತರಾತ್ಮ, ಪರಮಾತ್ಮ ಎಂಬ ಮೂರು ಅವಸ್ಥೆಗಳಲ್ಲಿ ಪರಮಾತ್ಮತ್ವವು ಹೊರಗಿನಿಂದ ಬರುವ ವರವಲ್ಲ, ಆವರಣ ಕಳಚಿದಾಗ ಬೆಳಗುವ ಸ್ವಭಾವ. ಎರಡನ್ನೂ ಒಂದೇ ಎನ್ನುವುದು ಸೌಜನ್ಯವಾಗಿ ಕಂಡರೂ ಸತ್ಯವಾಗದು.

ಆದರೆ ಇಕ್ಕಟ್ಟು ಮಾತ್ರ ಇಬ್ಬರಿಗೂ ಸಮಾನ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳಲ್ಲಿ ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮರಾಠಿ, ಕಾಸರಗೋಡು, ವಯನಾಡುಗಳಲ್ಲಿ ಮಲಯಾಳ, ಹೊಸೂರಿನಲ್ಲಿ ತಮಿಳು. ಅಲ್ಲೆಲ್ಲ ಜೈನ ಮಕ್ಕಳಿಗೆ ಸಹಪಾಠಿಗಳಿಂದ ಬರುವ ಪ್ರಶ್ನೆ ಒಂದೇ: ‘ನೀವು ದೇವರನ್ನು ನಂಬುವವರೋ, ಅಲ್ಲವೋ?’ ಹೌದೆಂದರೆ ಕೇಳುವವನು ಸೃಷ್ಟಿಕರ್ತನೆಂದು ತಿಳಿಯುತ್ತಾನೆ. ಅಲ್ಲವೆಂದರೆ ನಾಸ್ತಿಕರೆಂದು ತಿಳಿಯುತ್ತಾನೆ. ‘ಎಲ್ಲರ ದೇವರೂ ಒಂದೇ’ ಎಂದು ಜಾರಿಕೊಳ್ಳುವುದು ಸುಲಭ. ಆ ಸುಲಭದಲ್ಲಿ ಒಂದು ತಲೆಮಾರು ತನ್ನ ತತ್ತ್ವವನ್ನೇ ಕಳೆದುಕೊಳ್ಳಬಹುದು. ನೆರೆಯವರಿಗೆ ಹೇಳಲು ನಾಚುವ ಮಾತನ್ನು ಮಕ್ಕಳಿಗೂ ಹೇಳಲು ನಾಚುವ ದಿನ ದೂರವಿರುವುದಿಲ್ಲ.

ಹಿತವಾಗಿ, ಮಿತವಾಗಿ ನುಡಿಯಬೇಕೆಂಬುದು ಭಾಷಾಸಮಿತಿಯ ಉಪದೇಶ. ಮಿತವೆಂದರೆ ಅಳತೆ, ಅಡಗಿಸುವಿಕೆಯಲ್ಲ. ‘ಜಗತ್ತನ್ನು ಸೃಷ್ಟಿಸಿದ ದೇವರನ್ನು ನಾವು ಒಪ್ಪುವುದಿಲ್ಲ, ರಾಗದ್ವೇಷಗಳನ್ನು ಗೆದ್ದ ಆತ್ಮನನ್ನು ದೇವರೆಂದು ಪೂಜಿಸುತ್ತೇವೆ, ವರ ಬೇಡುವುದಕ್ಕಲ್ಲ, ಅವನ ಗುಣಗಳು ನಮ್ಮಲ್ಲಿಯೂ ಪ್ರಕಟವಾಗಲೆಂದು’ ಎಂಬಿಷ್ಟು ಮಾತನ್ನು ಯಾವ ಭಾಷೆಯಲ್ಲಾದರೂ, ಯಾರ ಮನ ನೋಯಿಸದೆಯೂ ಹೇಳಬಹುದು. ದೇವನಾಗುವ ದಾರಿಯಲ್ಲಿ ಸತ್ಯವೂ ಒಂದು ಮೆಟ್ಟಿಲಾಗಿರುವಾಗ, ಆ ದಾರಿಯ ಪರಿಚಯವನ್ನೇ ಅಂಜಿಕೆಯಿಂದ ಅರ್ಧಮಾಡಿ ಹೇಳುವವನು ತಾನು ಏರಬೇಕಾದ ಮೆಟ್ಟಿಲನ್ನು ತಾನೇ ಮುರಿದಂತಾಗುತ್ತದೆ.