ಕಾಮ ಕುಂದಿದರೆ ವೈರಾಗ್ಯವೇ?

ಪ್ಲೇಟೋನ ‘ರಿಪಬ್ಲಿಕ್’ ಶುರುವಾಗುವುದೇ ಮುಪ್ಪಿನ ಮಾತುಕತೆಯಿಂದ. ವೃದ್ಧ ಸೆಫಲಸ್ ಅಲ್ಲಿ ನಾಟಕಕಾರ ಸೊಫೊಕ್ಲಿಸ್‌ನನ್ನು ನೆನೆಯುತ್ತಾನೆ. ಈ ವಯಸ್ಸಿನಲ್ಲೂ ಹೆಣ್ಣಿನ ಸಂಗ ಸಾಧ್ಯವೇ ಎಂದು ಯಾರೋ ಕೇಳಿದ್ದಕ್ಕೆ, ಕ್ರೂರ ಒಡೆಯನಿಂದ ತಪ್ಪಿಸಿಕೊಂಡು ಬಂದಂತಿದೆ ಎಂದು ಸೊಫೊಕ್ಲಿಸ್ ಸಂತೋಷಪಟ್ಟನಂತೆ. ಮಹಾಭಾರತದ ಯಯಾತಿಯದು ಇದಕ್ಕೆ ತೀರಾ ವಿರುದ್ಧ. ಶುಕ್ರಾಚಾರ್ಯರ ಶಾಪದಿಂದ ಮುಪ್ಪು ಬಂದೆರಗಿದಾಗ ಅವನು ಒಬ್ಬೊಬ್ಬ ಮಗನ ಮುಂದೆಯೂ ಯೌವನಕ್ಕಾಗಿ ಕೈಚಾಚಿದ. ನಾಲ್ವರು ಒಲ್ಲೆ ಎಂದರು, ಕಿರಿಯ ಪೂರು ಒಪ್ಪಿದ.

ಕಾಮ ತಾನಾಗಿ ಇಳಿದರೆ ಅದು ಬಿಡುಗಡೆಯೋ, ನಷ್ಟವೋ?

1889ರಲ್ಲಿ 72 ವರ್ಷದ ಶರೀರವಿಜ್ಞಾನಿ ಬ್ರೌನ್-ಸೆಕಾರ್ ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು, ಕಸುವು ಮರಳಿತೆಂದು ಪ್ಯಾರಿಸ್ಸಿನ ವಿದ್ವಾಂಸರ ಮುಂದೆ ಸಾರಿದ. ಆ ರಸದಲ್ಲಿ ಹಾರ್ಮೋನು ಇದ್ದದ್ದು ಅತ್ಯಲ್ಪ. ಮರಳಿದ್ದು ಬಹುಶಃ ನಂಬಿಕೆಯ ಬಲ. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ಗೂಳಿಯ ವೃಷಣದಿಂದ ಆ ಹಾರ್ಮೋನನ್ನು, ಅಂದರೆ ಟೆಸ್ಟೊಸ್ಟಿರಾನನ್ನು, ಶುದ್ಧವಾಗಿ ಬೇರ್ಪಡಿಸಿದರು. ಅಲ್ಲಿಂದ ಮುಂದೆ ಅದು ನಿಜವಾಗಿಯೂ ಔಷಧವಾಯಿತು, ಹಳೆಯ ಪ್ರಶ್ನೆಯೂ ಬಿಗಿಯಾಯಿತು.

ನಡುವಯಸ್ಸು ದಾಟಿದ ಮೇಲೆ ಈ ಹಾರ್ಮೋನು ವರ್ಷಕ್ಕೆ ಸುಮಾರು ಶೇ 1ರಷ್ಟು ಇಳಿಯುತ್ತದೆ. ಹಾಗಾದರೆ ಎಪ್ಪತ್ತರ ಗಂಡಸಿನ ಶಾಂತಿ ಅವನ ಸಾಧನೆಯೋ, ರಕ್ತದ ಲೆಕ್ಕವೋ? ನಮ್ಮ ಹಿರಿಯರು ಸ್ಮಶಾನ ವೈರಾಗ್ಯ, ಪ್ರಸವ ವೈರಾಗ್ಯ ಎಂದು ಹೆಸರಿಟ್ಟು, ಸಂದರ್ಭ ಹುಟ್ಟಿಸಿದ ವಿರಕ್ತಿಯನ್ನು ನಿಜವಾದ ವೈರಾಗ್ಯದಿಂದ ಬೇರೆಯಾಗಿಯೇ ಇಟ್ಟರು. ಮುಪ್ಪು ತಂದ ತಣ್ಣಗಿನ ಮನಸ್ಸೂ ಆ ಸಾಲಿಗೇ ಸೇರಬೇಕು. ಕೈಯಲ್ಲಿ ಇಲ್ಲದ್ದನ್ನು ಬಿಟ್ಟೆ ಎಂದರೆ ತ್ಯಾಗವಾದೀತೇ? ಈ ಒರೆಗಲ್ಲಿಗೆ ಹಚ್ಚಿದರೆ ಗೆಲ್ಲುವವನು ಸೊಫೊಕ್ಲಿಸ್ ಅಲ್ಲ, ಯಯಾತಿ. ಸಾವಿರ ವರ್ಷ ಭೋಗಿಸಿದರೂ ಆಸೆ ತೀರದೆಂದು ಕಂಡುಕೊಂಡು, ಮೈಯಲ್ಲಿ ಯೌವನ ತುಂಬಿರುವಾಗಲೇ ಅದನ್ನು ಮಗನಿಗೆ ಮರಳಿಸಿ ಕಾಡಿಗೆ ಹೊರಟವನು ಅವನು.

ಆದರೆ ಅಷ್ಟರಲ್ಲಿ ಬೆಲೆ ತೆತ್ತವರು ಬೇರೆಯವರು. ಗಿರೀಶ ಕಾರ್ನಾಡರ ‘ಯಯಾತಿ’ (1961) ಈ ಗಾಯವನ್ನೇ ಬಗೆದು ನೋಡುತ್ತದೆ: ಗಂಡನ ಮುಪ್ಪನ್ನು ಕಂಡ ಪೂರುವಿನ ಹೆಂಡತಿ ಚಿತ್ರಲೇಖೆ ಪ್ರಾಣ ಕಳೆದುಕೊಳ್ಳುತ್ತಾಳೆ. ಇದು ಪುರಾಣಕ್ಕೇ ಮುಗಿದ ಕಥೆಯಲ್ಲ. ಟೆಸ್ಟೊಸ್ಟಿರಾನ್ ಜೆಲ್ಲನ್ನು ಭುಜಕ್ಕೆ ಹಚ್ಚಿಕೊಂಡವರು ಸೋಪಿನಿಂದ ಕೈ ತೊಳೆದು, ಜೆಲ್ ಒಣಗಿದ ಮೇಲೆ ಆ ಜಾಗವನ್ನು ಬಟ್ಟೆಯಿಂದ ಮುಚ್ಚಬೇಕು. ಜೆಲ್ ಹಚ್ಚಿದ ಮೈ ತಾಗಿದ ಎಳೆಯ ಮಕ್ಕಳಲ್ಲಿ ಅಕಾಲದ ಪ್ರೌಢತೆಯ ಲಕ್ಷಣ ಕಾಣಿಸಿಕೊಂಡದ್ದರಿಂದ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಇಂಥ ಜೆಲ್‌ಗಳ ಮೇಲೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸಬೇಕೆಂದಿತು. ತಾತ ಬಯಸಿದ ಯೌವನ ಮೊಮ್ಮಗುವಿನ ಮೈಗೆ ಹತ್ತಿದರೆ ಅದನ್ನು ಅಧರ್ಮವೆಂದೇ ಕರೆಯಬೇಕು.

ಹಾಗೆಂದು ಔಷಧವನ್ನೇ ದೂರುವುದು ತಪ್ಪು. 40ರಿಂದ 79 ವಯಸ್ಸಿನ ಯುರೋಪಿನ ಗಂಡಸರ ಅಧ್ಯಯನವೊಂದು 2010ರಲ್ಲಿ ತೋರಿಸಿದಂತೆ, ಲಕ್ಷಣವೂ ಹಾರ್ಮೋನಿನ ಕೊರತೆಯೂ ಕೂಡಿ ಬಂದವರು ಶೇ 2ರಷ್ಟು ಮಾತ್ರ. ತೀವ್ರ ಕೊರತೆ ಇದ್ದವರ ಮೂಳೆ ಸವೆಯಬಹುದು, ರಕ್ತ ಕಡಿಮೆಯಾಗಬಹುದು, ಮನಸ್ಸು ಕುಗ್ಗಬಹುದು. ಅಂಥವರಿಗೆ ‘ವಯಸ್ಸಾಯಿತಲ್ಲ, ರಾಮಾ ಕೃಷ್ಣಾ ಎಂದು ಕೂತಿರಿ’ ಎನ್ನುವುದು ಕ್ರೌರ್ಯ. ಅವರಿಗೆ ಬೇಕಾದದ್ದು ಬೆಳಗಿನ ಹೊತ್ತು ಎರಡು ಸಲ ಮಾಡುವ ರಕ್ತಪರೀಕ್ಷೆ, ಸಂಕೋಚವಿಲ್ಲದೆ ಮಾತಾಡುವ ವೈದ್ಯರು.

ವಯಸ್ಸನ್ನು ಬಿಟ್ಟು ಬೇರೆ ಕಾರಣ ಕಾಣದವರ ವಿಷಯವೇ ಕಷ್ಟದ್ದು. 65 ದಾಟಿದ, ಹಾರ್ಮೋನು ಇಳಿದಿದ್ದ 790 ಗಂಡಸರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಜೆಲ್ ಹಚ್ಚಿಕೊಂಡವರಲ್ಲಿ ಕಾಮಾಸಕ್ತಿ ತುಸು ಹೆಚ್ಚಿತು. ಆಯಾಸ ಕಳೆದು ಹುಮ್ಮಸ್ಸು ಬರುವುದರಲ್ಲಿ ಮಾತ್ರ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಇಂಥವರು ಬಂದಾಗ, ಮರಳಿ ಬೇಕಾಗಿರುವುದು ಕಾಮವೋ, ಬದುಕಿನ ಹುರುಪೋ ಎಂದು ವೈದ್ಯರು ಕೇಳಲೇಬೇಕಾಗುತ್ತದೆ, ಸಾಧ್ಯವಾದರೆ ಹೆಂಡತಿಯನ್ನೂ ಜೊತೆಯಲ್ಲಿ ಕೂರಿಸಿಕೊಂಡು.